ಇನ್ನೂರ ಹನ್ನೆರಡರ ತಾಯಿ

"ನನ್ನ ಪುಸ್ತಕದಲ್ಲಿ ತಪ್ಪಾ?" ಎಂದು ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. "ನಿನ್ನ ಯಂತ್ರಕ್ಕೇ ಜ್ವರ ಬಂದಿರಬೇಕು."

"ಮೂರು ಸಲ ನೋಡಿದೀನಪ್ಪ," ಎಂದಳು ಮಗಳು. "ಇನ್ನೂರ ಹನ್ನೆರಡು ನೀನು ಬರೆದಿರೋ ಹಸುವಿನ ಕರು ಅಲ್ಲ. ಎರಡರ ರಕ್ತ ಹೊಂದ್ತಾ ಇಲ್ಲ."

ಹಸು ಸಂಶೋಧನಾ ಕೇಂದ್ರದ ಕೊಟ್ಟಿಗೆ ಮೂವತ್ತೊಂದು ವರ್ಷದಿಂದ ಮೇಸ್ತ್ರಿಯ ಉಸ್ತುವಾರಿಯಲ್ಲಿತ್ತು. ಯಾವ ಹಸು ಯಾವತ್ತು ಈದಿತು, ಕರುವಿನ ಕಿವಿಗೆ ಯಾವ ಸಂಖ್ಯೆಯ ಬಿಲ್ಲೆ ಬಿತ್ತು ಎಂಬುದೆಲ್ಲ ಅವನ ಗುಂಡು ಅಕ್ಷರದಲ್ಲಿತ್ತು. ಅದರಲ್ಲಿ ಒಂದು ಚಿತ್ತುಕಾಟು ತೋರಿಸಿ ನೋಡೋಣ ಎಂದು ಹೊಸಬರ ಮುಂದೆ ಕೊಚ್ಚಿಕೊಳ್ಳುವುದು ಅವನಿಗೆ ಊಟದಷ್ಟೇ ಇಷ್ಟ. ಅದೇ ಕೇಂದ್ರಕ್ಕೆ ಮಗಳು ವಿಜ್ಞಾನಿಯಾಗಿ ಬಂದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ.

ಕೊಟ್ಟಿಗೆಗೆಲ್ಲ ಕೆಚ್ಚಲು ಬಾವು ಹರಡಿದರೂ ಕೆಲವು ಹಸುಗಳಿಗೆ ಅದು ಸೋಕುವುದೇ ಇಲ್ಲ. ಆ ಶಕ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆಯೇ, ವಂಶವಾಹಿಯ ಯಾವ ಭಾಗದಲ್ಲಿ ಅಡಗಿದೆ ಎಂದು ಮಗಳು ಮೂರು ವರ್ಷದಿಂದ ಹುಡುಕುತ್ತಿದ್ದಳು. ಎಲ್ಲ ಕಡೆ ಕೂಡಿಬಂದ ಲೆಕ್ಕ ಇನ್ನೂರ ಹನ್ನೆರಡು, ಇನ್ನೂರ ಹದಿಮೂರು ಎಂಬ ಎರಡು ಹಸುಗಳ ಹತ್ತಿರ ಬಂದು ಎಡವುತ್ತಿತ್ತು. ಮರುದಿನ ಹೊರಗಿನ ಪರಿಣತರ ಮುಂದೆ ಅವಳು ಅದನ್ನು ಮಂಡಿಸಬೇಕಿತ್ತು.

"ಆ ಎರಡನ್ನ ಬಿಟ್ಟುಬಿಡೇ," ಎಂದಳು ಅಮ್ಮ. "ರಕ್ತ ಕೆಟ್ಟಿತ್ತು ಅಂದ್ರಾಯ್ತು. ಮುಂದಿನ ತಿಂಗಳು ರಿಟೈರ್ ಆಗೋ ಮನುಷ್ಯನ ಮುಖಕ್ಕೆ ಯಾಕೆ ಮಸಿ ಬಳೀತೀಯ?"

ಮಗಳು ತಲೆ ಬಗ್ಗಿಸಿ ಊಟ ಮುಗಿಸಿ ಎದ್ದಳು.

ಬೆಳಿಗ್ಗೆ ಮೇಸ್ತ್ರಿ ಇನ್ನೂರ ಹನ್ನೆರಡರ ಕೆಚ್ಚಲು ತೊಳೆಯಲು ಕೂತ. ಎಂದಿನಂತೆ ಅದು ಬಕೆಟ್ಟಿಗೊಂದು, ಅವನ ಮೊಣಕಾಲಿಗೊಂದು ಒದೆ ಕೊಟ್ಟಿತು. ಹೀಗೆ ಗುರಿಯಿಟ್ಟು ಒದೆಯುತ್ತಿದ್ದ ಇನ್ನೊಂದು ಹಸುವೆಂದರೆ ಅವನೇ ಜಗಳಗಂಟಿ ಎಂದು ಹೆಸರಿಟ್ಟದ್ದು. ಮೇಸ್ತ್ರಿ ಮೊಣಕಾಲು ಹಿಡಿದುಕೊಂಡು ಹಾಗೇ ಕೂತುಬಿಟ್ಟ.

ಆರು ವರ್ಷದ ಹಿಂದೆ ಎರಡು ಹಸುಗಳು ಒಂದೇ ಬೆಳಿಗ್ಗೆ ಈದಿದ್ದವು. ಜಗಳಗಂಟಿ ತನ್ನ ಕರುವನ್ನು ಒದ್ದು ಓಡಿಸಿತ್ತು. ಅಯ್ಯೋ ಪಾಪ ಎಂದು ಅವನೇ ಅದನ್ನೊಯ್ದು ಪಕ್ಕದ ಸಾಧುಹಸುವಿಗೆ ಬಿಟ್ಟಿದ್ದ. ಎರಡೂ ಕೆಂದು ಬಣ್ಣದ ಹೆಣ್ಣುಕರು. ಎರಡು ದಿನ ಬಿಟ್ಟು ಬಿಲ್ಲೆ ಹಾಕುವಾಗ ಒಂದು ಹಿಂದೆ ಸರಿಯಿತು. ಒದೆ ತಿಂದದ್ದೇ ಅಂಜುತ್ತದೆ ಎಂದುಕೊಂಡು ಅದನ್ನೇ ಜಗಳಗಂಟಿಯ ಕರುವೆಂದು ಅವನು ಧೈರ್ಯವಾಗಿ ಬರೆದುಬಿಟ್ಟಿದ್ದ.

ಮಗಳಿಗೆ ಹೇಳಬೇಕೆಂದು ಸಭೆಗೆ ಓಡಿದರೆ ಅವಳಾಗಲೇ ವೇದಿಕೆಯ ಮೇಲಿದ್ದಳು. ಮೇಸ್ತ್ರಿ ಕೊನೆಯ ಸಾಲಿನಲ್ಲಿ ಕೂತ. ಅವಳು ಆ ಎರಡನ್ನು ಬಿಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಡಲಿ ಎಂದು ಮನಸ್ಸು ಬೇಡಿಕೊಂಡಿತು, ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

"ಇನ್ನೂರ ಹನ್ನೆರಡು ಮತ್ತು ಇನ್ನೂರ ಹದಿಮೂರರ ತಾಯಿಹಸುಗಳು ಪುಸ್ತಕದಲ್ಲಿ ಅದಲುಬದಲಾಗಿವೆ," ಎಂದಳು ಮಗಳು. ನೀರು ಕುಡಿದಳು. "ಬರೆದವರು ನಮ್ಮ ತಂದೆ."

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಕೇಂದ್ರದವರೆಲ್ಲ ತಿರುಗಿ ನೋಡಿದರು. ಆಮೇಲೆ ಅವನಿಗೇ ಆಶ್ಚರ್ಯವಾಗುವಂತೆ ಎದೆ ಉಬ್ಬಿತು. ಅಪ್ಪನನ್ನೂ ಬಿಡಲಿಲ್ಲವಲ್ಲ ಇವಳು! ಅವನು ಎದ್ದು ನಿಂತ.

"ಅವರು ಹೇಳಿದ್ದು ಸರಿ ಸಾರ್. ತಪ್ಪು ನಂದೇ," ಎಂದು ಕರು ಬದಲಾದ ಕಥೆಯನ್ನು ಒದೆ ಸಮೇತ ಹೇಳಿದ. ಸಭೆ ನಕ್ಕಿತು. ಮಗಳಿಗೆ ಮಾತ್ರ ನಗು ಬರಲಿಲ್ಲ, ಅವಳು ಅಪ್ಪನನ್ನೇ ನೋಡುತ್ತಿದ್ದಳು. ಎರಡೂ ತಾಯಿಹಸುಗಳ ಹೆಸರು ಜಾಗ ಬದಲಿಸಿದ ಮೇಲೆ ಲೆಕ್ಕ ಕೂಡಿಬಂತು, ಜಗಳಗಂಟಿಯ ಸಂತತಿಯ ಹನ್ನೊಂದು ಹಸುಗಳಲ್ಲಿ ಒಂದಕ್ಕೂ ಬಾವು ಬಂದಿರಲಿಲ್ಲ.

ಮಧ್ಯಾಹ್ನ ಪರಿಣತರು ಕೊಟ್ಟಿಗೆಗೆ ಬಂದರು. ಹಿರಿಯರೊಬ್ಬರು ಪುಸ್ತಕ ನೋಡಬಹುದೇ ಎಂದು ಕೇಳಿದರು. ಮೇಸ್ತ್ರಿ ಆಗಷ್ಟೇ ಕೆಂಪು ಗೆರೆ ಎಳೆದು ತಿದ್ದಿದ್ದ ಪುಟವನ್ನೇ ತೆಗೆದು ಅವರ ಮುಂದೆ ಹಿಡಿದ.

"ಪಕ್ಕದಲ್ಲಿ ತಿದ್ದಿದವರ ಸಹಿ ಇದೆ ನೋಡಿ ಸಾರ್," ಎಂದ. "ನನ್ನ ಮಗಳದು."

ಶಾಯಿ ಇನ್ನೂ ಒಣಗಿರಲಿಲ್ಲ. ಅವರು ಮುಂದಿನ ಸಾಲಿನ ಹಸುಗಳತ್ತ ಹೋದ ಮೇಲೂ ಅವನು ಪುಸ್ತಕ ಮುಚ್ಚದೆ ಹಿಡಿದುಕೊಂಡೇ ನಿಂತಿದ್ದ.