ದಾವಲಸಾಬ ತಾನಾಗಿ ಸೇರಿದ ಗುಂಪು

ನಾನು ಒಂದು ಇ-ಮೇಲ್ ಗುಂಪು. ನನ್ನ ವಿಳಾಸಕ್ಕೆ ಒಬ್ಬರು ಬರೆದರೆ ಅದನ್ನು ಗುಂಪಿನ ಎಲ್ಲರಿಗೂ ಮುಟ್ಟಿಸುವುದು ನನ್ನ ಕೆಲಸ. ಧಾರವಾಡದಲ್ಲಿ ಕಣ್ಣು ಕಾಣದ ಯುವಕ ಯುವತಿಯರನ್ನು ಶಿಕ್ಷಕರ ಪರೀಕ್ಷೆಗೆ ತಯಾರು ಮಾಡುತ್ತಿದ್ದ ಸುಮಂಗಲಾ ಟೀಚರ್ ನನ್ನನ್ನು ಹುಟ್ಟಿಸಿದರು. ನಾನು ತಂದ ಪಾಠವನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು. ಅವರು ಕೇಳಿ ಕಲಿಯುತ್ತಿದ್ದರು.

ಟೀಚರ್ ನನಗಾಗಿ ಮೊದಲು ಆರಿಸಿದ ಸೇವೆ ನೋಡಲು ಚೆಂದವಿತ್ತು. ಆದರೆ ಸೇರುವವರು ತೆರೆಯ ಮೇಲಿನ ಚಿತ್ರಗಳಲ್ಲಿ ಬಸ್ಸು ಯಾವುದೆಂದು ಗುರುತಿಸಬೇಕಿತ್ತು. ಹೆಚ್ಚಿನವರಿಗೆ ಮನೆಯವರು ನೆರವಾದರು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ವಿದ್ಯಾರ್ಥಿ ದಾವಲಸಾಬ ಹೊರಗೇ ಉಳಿದ. ಅದು ಟೀಚರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಒಮ್ಮೆ ಪಾಠದ ಜಾಗ ಬದಲಾಯಿತು. ಸುದ್ದಿ ಮುಟ್ಟದ ದಾವಲಸಾಬ ಹಳೆಯ ಕಟ್ಟಡಕ್ಕೆ ಹೋಗಿ, ಬೀಗ ಹಾಕಿದ ಬಾಗಿಲ ಮುಂದೆ ಸಂಜೆಯವರೆಗೆ ಕೂತಿದ್ದ. ಮರುದಿನ, ಇನ್ನು ಪಾಠಕ್ಕೆ ಬರುವುದಿಲ್ಲವೆಂದು ಹೇಳಲು ಟೀಚರ ಮನೆಗೇ ಹೋದ. ಮೇಲ್ ಕಳಿಸಿದ್ದೆನಲ್ಲ ಎಂದು ಅವರು ಕೇಳಿದರು.

"ಅದಕ್ಕ ಸೇರಬೇಕಂದ್ರ ಚಿತ್ರ ಗುರುತ ಹಿಡೀರಿ ಅಂತೈತ್ರಿ, ಟೀಚರ್. ನಾ ಹೆಂಗ ಹಿಡೀಲ್ರಿ?"

ಟೀಚರ್ ಕುರ್ಚಿ ಎಳೆದು ಅವನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ತಾವೂ ನೋಡದಂತೆ ತೆರೆಯನ್ನು ಆರಿಸಿಬಿಟ್ಟರು.

"ನೀನಾಗೇ ಸೇರೂ ಅಂಥಾದ್ದು ಸಿಗೂ ಮಟ ಹುಡುಕೂಣು," ಎಂದರು.

ಇಬ್ಬರೂ ಬರೀ ಕಿವಿಯಿಂದ ಹುಡುಕಿದರು. ಒಂದು ಸೇವೆ ಯಾತರ ಬಟನ್ ಎಂದು ತಿಳಿಸದೆ ಬಟನ್, ಬಟನ್ ಎಂದಷ್ಟೇ ಹೇಳಿ ಸುಮ್ಮನಾಯಿತು. ಇನ್ನೊಂದು, ಪ್ರಯೋಗಕ್ಕೆ ಕಳಿಸಿದ ವ್ಯಾಕರಣ ಪಾಠದ ನಡುವೆ ಸೀರೆಯ ಜಾಹೀರಾತು ಓದಿತು. ಅದಕ್ಕೆ ದಾವಲಸಾಬ ನಕ್ಕುಬಿಟ್ಟ. ಕೊನೆಗೆ ಅಲಂಕಾರವಿಲ್ಲದ ಒಂದು ಸೇವೆ ಸಿಕ್ಕಿತು. ಖಾಲಿ ಪತ್ರ ಕಳಿಸಿ, ಬಂದ ಉತ್ತರಕ್ಕೆ ಮರು ಉತ್ತರ ಕೊಟ್ಟರೆ ಮುಗಿಯಿತು. ಟೀಚರ್ ಅಲ್ಲಿ ನನಗೊಂದು ಹೊಸ ವಿಳಾಸ ತೆರೆದರು, ಸೇರುವಾಗ ಕೈ ಹಚ್ಚಲಿಲ್ಲ. ದಾವಲಸಾಬ ತಾನೇ ಬರೆದು ತಾನೇ ಸೇರಿದ. ಆ ವಾರವೇ ಟೀಚರ್ ಉಳಿದವರೊಡನೆ ನನ್ನನ್ನು ಅಲ್ಲಿಗೆ ಸಾಗಿಸಿದರು. ಅವನ ಮೊದಲ ಪತ್ರ ಚಿಕ್ಕದು: "ನಾನೂ ಬಂದೀನಿ. ನಾಳೆ ಕ್ಲಾಸ್ ಎಲ್ಲಿ?"

ಅವನು ಪರೀಕ್ಷೆ ಪಾಸಾದ, ರೋಣದ ಕಡೆ ಶಾಲೆಯೊಂದರಲ್ಲಿ ಮಾಸ್ತರನಾದ. ಟೀಚರಿಗೆ ವಯಸ್ಸಾದ ಮೇಲೆ ನನ್ನ ಉಸ್ತುವಾರಿಯೂ ಅವನ ಕೈಗೆ ಬಂತು. ಈಗಿನವರು ಫೋನಿನಲ್ಲೇ ಧ್ವನಿ ಕಳಿಸಿಕೊಳ್ಳುತ್ತಾರೆ. ನನ್ನ ಬಳಿ ಪತ್ರ ಬರುವುದು ಅಪರೂಪ.

ಮೊನ್ನೆ ಅವನೇ ಬರೆದ: "ಹೊಸ ಕ್ಲಾಸಿನ ಮೊದಲ ದಿನ ಪ್ರಶ್ನೆ ಕೇಳಿದ್ರ ಹುಡುಗರು ಕೈ ಎತ್ತಿ ಸುಮ್ನ ಕುಂತಿದ್ರು. ಕೈ ಎತ್ತಿದ್ದು ನನಗ ಕಾಣಂಗಿಲ್ಲ, ಹೆಸರು ಹೇಳ್ರೆಪಾ ಅಂದೆ. ಈಗ ನಾ ಒಳಗ ಕಾಲಿಟ್ರ ಸಾಕು, ಎಲ್ಲಾರೂ ಹೆಸರು ಕೂಗತಾರ."

ಆ ಪತ್ರವನ್ನು ಗುಂಪಿನ ಹಳಬರಿರುವ ಗದಗ, ಬಾಗಲಕೋಟೆ, ವಿಜಯಪುರದವರೆಗೆ ಹೊತ್ತುಕೊಂಡು ಹೋದೆ. ನನಗೀಗ ಕೆಲಸ ಕಡಿಮೆ. ಆದರೆ ನನ್ನ ಕೈಗೆ ಬಂದ ಪತ್ರ ಯಾರೊಬ್ಬರನ್ನೂ ಬಿಟ್ಟು ಹೋಗುವುದಿಲ್ಲ. ಈ ವಯಸ್ಸಿಗೆ ಅಷ್ಟು ನೆಮ್ಮದಿ ಸಾಕು.