ಕೋಟೆಯಲ್ಲಿ ಹೆಣ್ಣು ನೋಡಿದ್ದು

ಹೆಣ್ಣು ನೋಡುವ ಶಾಸ್ತ್ರ ಆಶಾಗೆ ಸಾಕುಸಾಕಾಗಿತ್ತು. ಎಷ್ಟನೆಯದೆಂದು ಎಣಿಸುವುದನ್ನೂ ಬಿಟ್ಟಿದ್ದಳು. ಈ ಸಲದ್ದು ಮನೆಯಲ್ಲಲ್ಲ, ಕೆರೆಯ ನಡುಗಡ್ಡೆಯ ಕೋಟೆಯಲ್ಲಿ. ಪಾಳುಬಿದ್ದಿದ್ದ ಪಾಳೇಗಾರರ ಕೋಟೆಗೆ ಗಾರೆ ಬಳಿದು, ಒಳಗೊಂದು ಮ್ಯೂಸಿಯಂ, ಅದರ ಸುತ್ತ ತೋಟ ಮಾಡಿದ ಮೇಲೆ ಮೊಳಕಾಲ್ಮೂರಿನವರಿಗೆ ಇಂಥದಕ್ಕೆಲ್ಲ ಅದೇ ಜಾಗ. ಮನೆಗೆ ಬಂದು ಬೇಡವೆಂದು ಹೋದರೆ ಓಣಿಯೆಲ್ಲ ಆಡಿಕೊಳ್ಳುತ್ತದೆ. ಕೋಟೆ ನೋಡಲು ಬಂದವರು ಯಾರನ್ನು ನೋಡಿದರೆ ಯಾರಿಗೇನು? ಅಪ್ಪ ಕ್ಯಾತಪ್ಪನ ಲೆಕ್ಕ ಅದು. ಪಾಪ, ಅವನಿಗೂ ಬೇರೆ ದಾರಿ ಕಂಡಿರಲಿಲ್ಲ.

ಆಶಾ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದು, ರೇಷ್ಮೆ ಸೀರೆ ಸುತ್ತಿಕೊಂಡು ನೇರ ಬಂದು ದೋಣಿ ಹತ್ತಿದ್ದಳು. ಕಣ್ಣು ಉರಿಯುತ್ತಿತ್ತು. ಪಾದ ಊದಿ ಚಪ್ಪಲಿ ಬಿಗಿಯುತ್ತಿತ್ತು. ಈ ಹಾಳು ಬಿಸಿಲು ಬೇರೆ.

ನನ್ನಿವಾಳದಿಂದ ಗಂಡು ಮಾರುತೇಶ ಬಂದಿದ್ದ, ಜೊತೆಗೆ ಅವನ ಸೋದರತ್ತೆ ಕೆಂಚಕ್ಕ. ಮಹಾರಾಯ, ಮ್ಯೂಸಿಯಮ್ಮಿನ ಕತ್ತಿ ಗುರಾಣಿಗಳ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದದ್ದೇ ತೆಗೆದದ್ದು. ಅವಳ ಕಡೆ ಕತ್ತೆತ್ತಲಿಲ್ಲ. ನೋಡುವ ಕೆಲಸವೆಲ್ಲ ಕೆಂಚಕ್ಕನದು. ಬುರುಜಿನ ಮೆಟ್ಟಿಲಲ್ಲಿ ಆಶಾ ಗೋಡೆ ಹಿಡಿದು ಹಿಂದುಳಿದದ್ದು ಆ ಕಣ್ಣಿಗೆ ತಪ್ಪಲಿಲ್ಲ.

ತೋಟದ ಕಲ್ಲುಬೆಂಚಿನಲ್ಲಿ ಎಲ್ಲರೂ ಕೂತಾಗ ಕೆಂಚಕ್ಕ ಎಲೆಅಡಿಕೆ ಮಡಚುತ್ತ ಶುರು ಮಾಡಿದಳು. "ಕ್ಯಾತಪ್ಪಾರೇ, ತಪ್ಪು ತಿಳ್ಕಬ್ಯಾಡ್ರಿ. ಹುಡ್ಗಿ ಕಾಲು ಒಂಚೂರು ಎಳ್ದಂಗೈತಲ್ಲ?"

"ಅಯ್ಯೋ, ಏನೂ ಇಲ್ಲ ತಗೀರಿ! ರಾತ್ರಿಯೆಲ್ಲ ನಿಂತು ಡ್ಯೂಟಿ ಮಾಡೈತೆ ಮಗು."

"ಇರ್ಲಿ, ಇರ್ಲಿ. ಅನುಮಾನ ಇಟ್ಕಂಡು ಹೋಗಬಾರ್ದು. ಆ ದೋಣಿ ಕಟ್ಟೆ ತಂಕ ಒಂದ್ಸಲ ನಡ್ದು ತೋರ್ಸಿ ಬಾರವ್ವ."

ಆಶಾ ಅಪ್ಪನ ಮುಖ ನೋಡಿದಳು. ಅವನು ಟವೆಲಿನ ಅಂಚು ಹಿಂಡುತ್ತ ನೆಲ ನೋಡುತ್ತಿದ್ದ. ಮಾರುತೇಶನನ್ನು ನೋಡಿದಳು. ಆ ಪುಣ್ಯಾತ್ಮ ತೆಗೆದ ಫೋಟೊಗಳನ್ನು ನೋಡುತ್ತಿದ್ದ. ಇಡೀ ರಾತ್ರಿ ಯಾರ್‍ಯಾರದೋ ಕಾಯಿಲೆಗೆಂದು ಮಂಚದಿಂದ ಮಂಚಕ್ಕೆ ಓಡಾಡಿದ ಕಾಲು ಇವು, ಇವನ್ನೂ ಪರೀಕ್ಷೆಗೆ ಇಡಬೇಕೆ?

"ಆಯ್ತು, ನಡ್ದು ತೋರ್ಸ್ತೀನಿ" ಎಂದು ಎದ್ದಳು.

ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗೆ ಬಿಟ್ಟಳು. ಹೂಪಾತಿಗಳ ನಡುವೆ ಹಾದು, ಕೋಟೆ ಬಾಗಿಲು ದಾಟಿ, ನೆಟ್ಟಗೆ ನಡೆದಳು. ಕೆಂಚಕ್ಕನಿಗೆ ಸಮಾಧಾನವಾಯಿತು.

"ಕಾಲು ಚೆನ್ನಾಗೈತೆ ಬಿಡ್ರಿ. ಸಾಕು, ಬಾರವ್ವ!" ಎಂದು ಕೂಗಿದಳು.

ಆಶಾ ತಿರುಗಲಿಲ್ಲ. ಕಟ್ಟೆ ಇಳಿದು, ಹೊರಡಲು ನಿಂತಿದ್ದ ದೋಣಿಯಲ್ಲಿ ಕೂತಳು.

"ನಿಮ್ಮೋರು ಬರ್ಲಿಲ್ವೇನಮ್ಮ?" ದೋಣಿಯವ ಕೇಳಿದ.

"ಬರೋರು ಬರ್ತಾರೆ."

ಒಳಗೆ ಕೆಂಚಕ್ಕನ ದನಿ ಏರುತ್ತಿತ್ತು. ಅಷ್ಟರಲ್ಲಿ ಕ್ಯಾತಪ್ಪ ಏದುಸಿರು ಬಿಡುತ್ತ ಬಂದ, ಕೈಯಲ್ಲಿ ಮಗಳ ಚಪ್ಪಲಿ. ಬೈಯುತ್ತಾನೆಂದು ಆಶಾ ತಲೆ ತಗ್ಗಿಸಿ ಕಾದಳು. ಅವನು ದೋಣಿ ಹತ್ತಿ, ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟು, ಪಕ್ಕದಲ್ಲಿ ಕುಸಿದು ಕೂತ.

"ನಂಗೂ ಸಾಕಾತವ್ವ" ಎಂದ. "ಇನ್ ಮ್ಯಾಲೆ ನಿನ್ನ ಯಾರಿಗೂ ತೋರ್ಸಲ್ಲ. ಮಲಿಕ್ಕ."

ದೋಣಿ ಕದಲುವ ಮೊದಲೇ ಆಶಾ ಅಪ್ಪನ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.