ಯಾವುದೂ ಎರಡು ಬೇಡ

ತಿಕೋಟಾದ ಚಕ್ಕಡಿ ಬಾಗಿಲ ಮುಂದೆ ಬಂದು ನಿಂತಾಗ ಗೌರಾಬಾಯಿ ಆರತಿ ತಾಟು ಹಿಡಿದು ಹೊಸ್ತಿಲೊಳಗೆ ನಿಂತಿದ್ದಳು. ಮೊದಲು ಇಳಿದವನು ಗಂಡ ಶಿವಯೋಗೆಪ್ಪ. ಅವನ ಹಿಂದೆ ಹಸಿರು ಸೀರೆಯ ಹದಿನೇಳರ ಹುಡುಗಿ ತಾಯವ್ವ, ನಿನ್ನೆಯಷ್ಟೇ ಅವನು ಕಟ್ಟಿಕೊಂಡ ಎರಡನೆಯ ಹೆಂಡತಿ. ಗೌರಾಬಾಯಿ ಇಬ್ಬರಿಗೂ ಆರತಿ ಎತ್ತಿದಳು. ಆದರೆ ಗಾಡಿ ಹೊಡೆಯುವ ಲಾಲಸಾಬ ಹುಡುಗಿಯ ಬಳುವಳಿ ಭಾಂಡೆಗಳನ್ನು ಇಳಿಸತೊಡಗಿದಾಗ ತಾಟು ಕೆಳಗಿಟ್ಟು ನೋಡಿದಳು. ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಡ, ಒಂದು ಪರಾತ. ಹಂಡೆಯ ಕಂಠದ ಕೆಳಗೊಂದು ನೆಗ್ಗು. ಗೌರಾಬಾಯಿ ಮದುವೆಯಾಗಿ ಬಂದ ವರ್ಷ ಬಾವಿಕಟ್ಟೆಯ ಮೇಲೆ ಅವಳ ಕೈಜಾರಿ ಬಿದ್ದು ಆದ ನೆಗ್ಗು ಅದು.

ಎಲ್ಲವೂ ಗೌರಾಬಾಯಿಯ ತವರಿನಿಂದ ಬಂದ ಭಾಂಡೆಗಳೇ.

ವಿಜಾಪುರದ ಪೇಟೆಯಲ್ಲಿ ಶಿವಯೋಗೆಪ್ಪನಿಗೆ ಅರಿವೆ-ಬಟ್ಟೆಯ ಅಂಗಡಿ ಇತ್ತು. ನಲವತ್ತೆರಡರ ಚಳವಳಿಯಲ್ಲಿ ಐದು ತಿಂಗಳು ಜೈಲಿನಲ್ಲಿದ್ದು ಬಂದವನೇ, "ಮನ್ಯಾಗ ಯಾವುದೂ ಎರಡ ಇರಬಾರದು. ಒಂದ ಐತಿ ಅಂದ್ರ ಸಾಕು" ಎಂದು ವ್ರತ ಹಿಡಿದ. ಹಿಡಿದದ್ದು ಅವನು, ಖಾಲಿಯಾದದ್ದು ಅವಳ ಮನೆ. ಎರಡನೆಯ ಲಾಟೀನು ಹೋಯಿತು, ಹೆಚ್ಚಿನ ಹಾಸಿಗೆ ಹೋದವು, ಅವಳ ಇಳಕಲ್ಲ ಸೀರೆ ಹೋದವು. ಅವನ ಆರಾಮ ಕುರ್ಚಿ ಮಾತ್ರ ಉಳಿಯಿತು, ಸೊಂಟ ನೋವಲ್ಲವೇ! ಖಾದಿ ಧೋತರ ಮೂರು ಜೊತೆ ಉಳಿದವು, ಮನೆಗೆ ದೊಡ್ಡ ಮಂದಿ ಬರುತ್ತಾರಲ್ಲ. ಗೋಡೆಗೊಂದು, ಕಿಸೆಗೊಂದು ಗಡಿಯಾರ ಉಳಿದವು. ಗೌರಾಬಾಯಿ ಒಮ್ಮೆ ಕೇಳಿಯೂಬಿಟ್ಟಳು. "ವ್ರತ ಅಂದ್ರ ಉಡದ ಹಿಡಿತ ಅಲ್ಲ, ಗೌರಾ. ಸ್ವಲ್ಪ ಬಗ್ಗಿ ನಡೀಬೇಕು" ಅಂದ. ಆ ಬಗ್ಗುವುದೆಲ್ಲ ಯಾವಾಗಲೂ ಅವನ ಕಡೆಗೇ ಏಕೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಹೊಳೆಯುವುದೆಲ್ಲಿಂದ, ಗಂಡನೆಂದರೆ ಹೆಮ್ಮೆ. ಪಕ್ಕದ ಮನೆಯ ಮುರಿಗೆವ್ವ, "ಯಾಕ ಬೇ, ನಿಮ್ಮನಿಗೆ ಕಳ್ಳ ಬಂದ್ರ ಅಳಕೋತ ಹೋಗ್ತಾನ!" ಎಂದರೆ ತಾನೂ ನಗುತ್ತಿದ್ದಳು. ಭಾಂಡೆಗಳು ತಿಕೋಟಾದ ದೂರದ ಸಂಬಂಧಿಕ ಮಲಕಾಜಪ್ಪನಿಗೆ ಹೋಗುತ್ತವೆ, ಅವನ ಮಗಳ ಲಗ್ನಕ್ಕೆ ಆಗುತ್ತವೆ ಎಂದಾಗಲೂ ಅಷ್ಟೇ. ಬಡವರ ಮನೆಯ ಹುಡುಗಿಗೆ ಆಗಲಿ ಎಂದು ತಾನೇ ಹುಣಸೆಹಣ್ಣು ಹಚ್ಚಿ ಬೆಳಗಿ, ಗಾಡಿಗೆ ಎತ್ತಿಕೊಟ್ಟಳು.

ಹನ್ನೆರಡು ವರ್ಷವಾದರೂ ಮಕ್ಕಳಾಗಲಿಲ್ಲ. ಶ್ರಾವಣ ಕಳೆದ ಮೇಲೆ ಹಿರಿಯರು ಕೂತು ಎರಡನೆಯ ಲಗ್ನದ ಮಾತು ತೆಗೆದರು. ಗೌರಾಬಾಯಿ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಗಂಡನ ಮುಂದೆ ಬಂದು, "ಆಗ್ಲಿ, ಮಾಡ್ಕೋರಿ. ಆದ್ರ ನಾ ಈ ಮನಿ ಬಿಟ್ಟು ಹೋಗಂಗಿಲ್ಲ. ಅಡಿಗಿ ಮನಿ ನಂದ ಇರ್ಬೇಕು" ಅಂದಳು. ಶಿವಯೋಗೆಪ್ಪ ಕೊರಳಲ್ಲಿದ್ದ ಲಿಂಗ ಮುಟ್ಟಿ ಮಾತು ಕೊಟ್ಟ. ಹುಡುಗಿ ಮಲಕಾಜಪ್ಪನ ಮಗಳೆಂದು ತಿಳಿದಾಗಲೂ ಆಗಲಿ ಅಂದಳು. ಭಾಂಡೆ ತಿರುಗಿ ಬಂದಾವೆಂದು ಕನಸು ಬಿದ್ದಿತ್ತೇ?

ಬಂದ ಮಂದಿ ಉಂಡು ಹೋದರು. ಶಿವಯೋಗೆಪ್ಪ ಕುರ್ಚಿಯಲ್ಲಿ ಚಹಾ ಹಿಡಿದು ಕೂತಿದ್ದ.

"ಆ ಭಾಂಡೆ ನನ್ನವು" ಅಂದಳು.

"ಕೊಟ್ಟ ಮ್ಯಾಲ ನಿನ್ನವು ಹೆಂಗಾಗ್ತಾವು?"

"ಮಲಕಾಜಪ್ಪಗ ಕೊಡೂಮುಂದ ಇದೆಲ್ಲಾ ನಿಮ್ಮ ತಲಿಯಾಗ ಇತ್ತೇನ್ರಿ?"

ಅವನು ಕಪ್ಪಿನಿಂದ ಬಸಿಗೆ ಸುರಿದ ಚಹಾ ಊದಿದ. "ಅವ ಬಡವ. ಬರಿಗೈಲೆ ಮಗಳನ್ನ ಕಳಿಸಿದ್ರ ನಾಕ ಮಂದ್ಯಾಗ ನನ್ನ ಮರ್ಯಾದಿ ಏನಾಕ್ಕಿತ್ತು?" ಅವಳ ಮುಖ ನೋಡದೆ ಹೇಳಿದ: "ಇನ್ನೊಂದು ಮಾತು. ಒಂದ ಅಡಿಗಿ ಮನ್ಯಾಗ ಇಬ್ಬರು ಯಾಕ? ನನ್ನ ವ್ರತ ನಿನಗ ಗೊತ್ತೈತಿ. ಲಾಲಸಾಬಗ ಹೇಳೇನಿ, ನಾಳಿ ಬಬಲೇಶ್ವರಕ್ಕ ಬಿಟ್ಟು ಬರ್ತಾನ. ನಿನ್ನ ತಮ್ಮನ ಮನ್ಯಾಗ ಒಂದೀಟ ದಿನ ಇರು."

"ಲಿಂಗ ಮುಟ್ಟಿ ಹೇಳಿದ್ರಿ!"

"ಹೇಳೇನಿ, ಇಲ್ಲಂದೇನ? ಸ್ವಲ್ಪ ಬಗ್ಗಿ ನಡೀಬೇಕು, ಗೌರಾ."

ಇವನ ಹತ್ತಿರ ಮಾತಾಡಿ ಫಲವಿಲ್ಲ. ಆ ಹುಡುಗಿಗೇ ಹೇಳಬೇಕು. ಹಂಡೆಯ ಮೇಲೆ ತವರಿನವರು ಕಂಚುಗಾರನಿಂದ ಕೊರೆಸಿದ ತನ್ನ ಹೆಸರಿದೆ, ಅದನ್ನು ತೋರಿಸಬೇಕು. ನಿಮ್ಮಪ್ಪ ನನ್ನ ಭಾಂಡೆ ದಾನ ಇಸಗೊಂಡು ನನ್ನ ಮನೆಗೇ ನಿನ್ನ ಕಳಿಸ್ಯಾನ ಎನ್ನಬೇಕು. ಅತ್ತುಕೊಂಡು ಓಡಿ ಹೋಗಲಿ ತಿಕೋಟಾಕ್ಕೆ! ಸೆರಗು ಸೊಂಟಕ್ಕೆ ಸಿಕ್ಕಿಸಿ ದಡದಡ ಹಿತ್ತಲಿಗೆ ನಡೆದಳು.

ತಾಯವ್ವ ಹಸಿರು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ದಾರಿಯ ಧೂಳು ಹೋಗಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಇವಳನ್ನು ಕಂಡದ್ದೇ ಮುಖ ಅರಳಿತು.

"ಅಕ್ಕಾರ, ನಿಮಗ ಓದಾಕ ಬರ್ತೈತಂತಲ್ರಿ. ಇಲ್ನೋಡ್ರಿ, ನನ್ನ ಹೆಸರು! ನಮ್ಮಪ್ಪ ಬಾಯಾಗಿನ ತುತ್ತು ಉಳಿಸಿ ಬರಸ್ಯಾನಂತ್ರಿ. ಹುಟ್ಟಿದಾಗಿಂದ ನನ್ನ ಹೆಸರು ಯಾರೂ ಎಲ್ಲಿನೂ ಬರದಿರಲಿಲ್ರಿ."

ಗೌರಾಬಾಯಿಯ ಮಾತು ನಾಲಿಗೆ ತುದಿಗೆ ಬಂದಿತ್ತು. ಒಂದೇ ಒಂದು ಮಾತು ಸಾಕಿತ್ತು. ಹುಡುಗಿಯ ಅಂಗೈ ರೊಟ್ಟಿ ತಟ್ಟಿ, ಕಸ ಕಿತ್ತು, ಆಗಲೇ ಮುದುಕಿಯ ಕೈಯಂತೆ ಒರಟಾಗಿತ್ತು. ಹಂಡೆಯ ಮೇಲೆ 'ಗೌರಾಬಾಯಿ' ಎಂಬ ಅಕ್ಷರಗಳು ನಿನ್ನೆ ಕೊರೆದಷ್ಟು ಸ್ವಚ್ಛವಾಗಿ ಹೊಳೆಯುತ್ತಿದ್ದವು. ಅವಳು ಹಂಡೆಯ ಈಚೆ ಮೆಲ್ಲಗೆ ಕೂತಳು.

"ಹೌದಿಲ್ರಿ ಅಕ್ಕಾರ?"

"ಹೌದವಾ" ಅಂದಳು. ಮತ್ತೆ ಹೇಳಿದಳು: "ತಾಯವ್ವ ಅಂತ ಬರದೈತಿ."

ಹುಡುಗಿ ಹುಣಸೆಹಣ್ಣು ಮೆತ್ತಿದ ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟು, "ಇದ ಏನ್ರಿ ತಾ?" ಎಂದು ಕೇಳಿದಳು.

"ಹೂಂ, ಅದ ತಾ."

ತಾಯವ್ವ ಬಾಯಲ್ಲಿ ಅಂದುಕೊಳ್ಳುತ್ತ ಬೆರಳನ್ನು ಮುಂದಿನ ಅಕ್ಷರಕ್ಕೆ ಸರಿಸಿದಳು.